ಕರಗುವ ಮಂಜುಗಡ್ಡೆ, ಕಾಯುವ ಕಲ್ಲು

2024ರ ಸೆಪ್ಟೆಂಬರ್ 27ರಂದು ಲಂಡನ್ನಿನ ನ್ಯಾಯಾಲಯವೊಂದು ಇಪ್ಪತ್ತರ ಆಸುಪಾಸಿನ ಇಬ್ಬರು ಕಾರ್ಯಕರ್ತರಿಗೆ ಕಾರಾಗೃಹ ಶಿಕ್ಷೆ ವಿಧಿಸಿತು. ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಇಪ್ಪತ್ತು ತಿಂಗಳು. 2022ರ ಅಕ್ಟೋಬರ್‌ನಲ್ಲಿ ಅವರು ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವಾನ್‌ಗೋನ ಸೂರ್ಯಕಾಂತಿ ಚಿತ್ರದ ಮೇಲೆ ಡಬ್ಬಿಯಲ್ಲಿದ್ದ ಟೊಮೆಟೊ ಸೂಪನ್ನು ಎರಚಿದ್ದರು. ಚಿತ್ರಕ್ಕೆ ಗಾಜಿನ ರಕ್ಷಣೆಯಿತ್ತು, ಹಾನಿಯಾದದ್ದು ಅದರ ಹಳೆಯ ಚೌಕಟ್ಟಿಗೆ. ಶಿಕ್ಷೆ ಪ್ರಕಟವಾದ ಕೆಲವೇ ತಾಸುಗಳಲ್ಲಿ ಅದೇ ಗುಂಪಿನ ಬೇರೆ ಸದಸ್ಯರು ಅದೇ ಗ್ಯಾಲರಿಗೆ ಹೋಗಿ ಮತ್ತೆ ಸೂಪು ಎರಚಿದರು. ‘ಜಸ್ಟ್ ಸ್ಟಾಪ್ ಆಯಿಲ್’ ಎಂಬ ಆ ಗುಂಪು 2025ರ ಮಾರ್ಚ್‌ನಲ್ಲಿ ತನ್ನ ಬೀದಿ ಹೋರಾಟವನ್ನು ಮುಗಿಸುವುದಾಗಿ ಸಾರಿತು. ಹೊಸ ತೈಲ ಮತ್ತು ಅನಿಲ ಪರವಾನಗಿಗಳನ್ನು ಕೊಡಬಾರದೆಂಬ ತಮ್ಮ ಬೇಡಿಕೆ ಬ್ರಿಟನ್ನಿನ ಸರ್ಕಾರದ ನೀತಿಯೇ ಆಗಿದೆ ಎಂಬುದು ಅದು ನೀಡಿದ ಕಾರಣ. ಆ ನೀತಿಗೂ ಸೂಪಿಗೂ ಎಷ್ಟು ಸಂಬಂಧವಿದೆ ಎಂಬುದು ಚರ್ಚಾಸ್ಪದ. ಒಂದು ಸಾರ್ವತ್ರಿಕ ಚುನಾವಣೆಯೂ ನಡುವೆ ನಡೆದಿತ್ತೆಂಬುದನ್ನು ಮರೆಯಬಾರದು.

ಆ ಪ್ರಕರಣದ ಸುತ್ತ ಜಗತ್ತಿನಾದ್ಯಂತ ಸಾಕಷ್ಟು ಶಾಯಿ ಖರ್ಚಾಯಿತು. ‘ಪಾಪ, ಆ ಚಿತ್ರ ಮಾಡಿದ ತಪ್ಪೇನು?’ ಎಂದು ಕೇಳಿದವರೇ ಹೆಚ್ಚು. ನನಗೆ ಅದು ಅಂಥ ಮಹತ್ವದ ಪ್ರಶ್ನೆಯೆನಿಸಲಿಲ್ಲ. ಸೂಪು ಎರಚಿದವರಿಗೂ ಅವರನ್ನು ಬೈದವರಿಗೂ ಒಂದು ವಿಷಯದಲ್ಲಿ ಸಹಮತವಿದ್ದುದು ಮಾತ್ರ ಗಮನಾರ್ಹ. ಕಲಾಕೃತಿ ಎಂದರೆ ಗೋಡೆಯ ಮೇಲೆ ನೇತುಹಾಕಿದ ಅಮೂಲ್ಯ ವಸ್ತು, ಭೂಮಿಯ ಬಿಸಿ ಅದರ ಹೊರಗಿನ ಸಂಗತಿ ಎಂದು ಇಬ್ಬರೂ ಒಪ್ಪಿದ್ದರು. ಹವಾಮಾನ ತುರ್ತುಸ್ಥಿತಿಗೆ ಕಲೆಯನ್ನು ಗುರಿಯಾಗಿಸುವುದಕ್ಕಿಂತ ಕಲೆಯ ಮೂಲಕವೇ ಉತ್ತರಿಸಲು ಹೊರಟವರ ಕಥೆ ಹೆಚ್ಚು ಕುತೂಹಲಕರ, ಹೆಚ್ಚು ಇಕ್ಕಟ್ಟಿನದೂ ಹೌದು.

ಡೆನ್ಮಾರ್ಕ್-ಐಸ್‌ಲ್ಯಾಂಡ್ ಮೂಲದ ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಗ್ರೀನ್‌ಲ್ಯಾಂಡಿನ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಸೇರಿ ರೂಪಿಸಿದ ‘ಐಸ್ ವಾಚ್’ ಈ ಬಗೆಯ ಕೃತಿಗಳಲ್ಲಿ ಬಹುಶಃ ಅತ್ಯಂತ ಪ್ರಸಿದ್ಧವಾದದ್ದು. ಗ್ರೀನ್‌ಲ್ಯಾಂಡಿನ ನೂಕ್ ಪಟ್ಟಣದ ಬಳಿಯ ಕಡಲಕೊಲ್ಲಿಯಲ್ಲಿ, ಹಿಮರಾಶಿಯಿಂದ ಆಗಲೇ ಒಡೆದು ಬಂದು ತೇಲುತ್ತಿದ್ದ ಗಡ್ಡೆಗಳನ್ನು ಎತ್ತಿ, ಶೀತಲ ಪೆಟ್ಟಿಗೆಗಳಲ್ಲಿ ಸಾಗಿಸಿ, ನಗರದ ನಡುಮಧ್ಯೆ ಇಟ್ಟುಬಿಡುವುದು, ಅವು ಕರಗುವವರೆಗೆ ಅಲ್ಲಿಯೇ ಬಿಡುವುದು. ಇಷ್ಟೇ ಆ ಕೃತಿ. 2014ರಲ್ಲಿ ಕೋಪನ್‌ಹೇಗನ್, 2015ರ ಡಿಸೆಂಬರ್‌ನಲ್ಲಿ ಜಾಗತಿಕ ಹವಾಮಾನ ಸಮ್ಮೇಳನ ನಡೆಯುತ್ತಿದ್ದಾಗ ಪ್ಯಾರಿಸ್ಸಿನ ಪ್ಯಾಂಥಿಯನ್ ಚೌಕ, 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಮುಂಭಾಗ. ಪ್ಯಾರಿಸ್ಸಿನಲ್ಲಿ ಹನ್ನೆರಡು ಗಡ್ಡೆಗಳನ್ನು ಗಡಿಯಾರದ ಮುಖದಂತೆ ವೃತ್ತಾಕಾರದಲ್ಲಿ ಜೋಡಿಸಿದ್ದರು. ಲಂಡನ್ನಿನಲ್ಲಿ ಟೇಟ್ ಮುಂದೆ ಇಪ್ಪತ್ನಾಲ್ಕು, ಇನ್ನೊಂದೆಡೆ ಆರು. ಜನ ಬಂದು ಮುಟ್ಟಿದರು, ಅಪ್ಪಿಕೊಂಡರು, ಕಿವಿಗೊಟ್ಟು ಆಲಿಸಿದರು. ಹಿಮ ಕರಗುವಾಗ ಅದರೊಳಗೆ ಸಾವಿರಾರು ವರ್ಷಗಳಿಂದ ಅದುಮಿಟ್ಟಂತಿದ್ದ ಗಾಳಿಯ ಗುಳ್ಳೆಗಳು ಸಣ್ಣಗೆ ಚಟಪಟ ಸದ್ದು ಮಾಡುತ್ತಾ ಹೊರಬೀಳುತ್ತವೆ. ಕೈಗಾರಿಕಾ ಯುಗಕ್ಕೂ ಬಹು ಹಿಂದಿನ ಗಾಳಿ ಅದು. ಅಂಕಿ-ಅಂಶಗಳ ಪಟ್ಟಿಯಿಂದ ಆಗದ ಕೆಲಸವನ್ನು ಆ ಚಟಪಟ ಸದ್ದು ಮಾಡಿತೆಂದು ಅನೇಕರು ಬರೆದರು. ನಾನು ಅದನ್ನು ನಂಬುತ್ತೇನೆ.

ಆದರೆ ಲೆಕ್ಕವನ್ನೂ ನೋಡಬೇಕಲ್ಲ? ಪ್ಯಾರಿಸ್ಸಿನ ಪ್ರದರ್ಶನಕ್ಕೆ ಸುಮಾರು 30 ಟನ್, ಲಂಡನ್ನಿನದಕ್ಕೆ ಸುಮಾರು 55 ಟನ್ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಆಗಿತ್ತೆಂದು ಆಯೋಜಕರೇ ಲೆಕ್ಕ ಹಾಕಿಸಿದ್ದಾರೆ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ವಿಮಾನದಲ್ಲಿ ಹಾರಿಬರುವ ಪ್ರತಿನಿಧಿಗಳ ಲೆಕ್ಕದ ಮುಂದೆ ಇದು ಜುಜುಬಿ ಎಂಬ ವಾದವೂ ಸರಿಯೇ. ನನ್ನ ಆಕ್ಷೇಪಣೆ ಇಂಗಾಲದ್ದಲ್ಲ. ಆ ಗಡ್ಡೆಯ ಮುಂದೆ ನಿಂತು ಕಣ್ಣು ತೇವ ಮಾಡಿಕೊಂಡವನು ಮನೆಗೆ ಹೋಗಿ ಏನು ಮಾಡಬೇಕು? ಕೃತಿ ಅವನಿಂದ ಏನನ್ನೂ ಕೇಳುವುದಿಲ್ಲ. ಹಿಮ ಕರಗಿತು, ಚೌಕವನ್ನು ಗುಡಿಸಿದರು. 2015ರಲ್ಲಿ ವಾತಾವರಣದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ಹತ್ತು ಲಕ್ಷಕ್ಕೆ 400 ಭಾಗವನ್ನು ದಾಟಿತ್ತು, 2024ರಲ್ಲಿ ಅದು 420ನ್ನೂ ಮೀರಿತು. ಇದಕ್ಕೆ ಕಲಾವಿದನನ್ನು ಹೊಣೆ ಮಾಡುವುದು ಮೂರ್ಖತನ. ಆದರೆ ‘ಅರಿವು ಮೂಡಿಸುವುದು’ ಎಂಬ ಪದಪುಂಜಕ್ಕೆ ನಾವು ಕೊಟ್ಟಿರುವ ಮರ್ಯಾದೆ ಅತಿಯಾಯಿತೇನೋ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ.

ಇದೇ ವರ್ಷಗಳಲ್ಲಿ ನಮ್ಮ ದೇಶದ ಲಡಾಖಿನಲ್ಲಿ ಇನ್ನೊಂದು ಬಗೆಯ ಮಂಜು ಎದ್ದು ನಿಂತಿತು. ಹಿಮನದಿಗಳು ಹಿಂದೆ ಸರಿಯುತ್ತಿರುವುದರಿಂದ ಅಲ್ಲಿನ ರೈತರಿಗೆ ಬಿತ್ತನೆಯ ಕಾಲವಾದ ಏಪ್ರಿಲ್-ಮೇ ತಿಂಗಳಲ್ಲಿ ನೀರಿಲ್ಲ. ಚಳಿಗಾಲದಲ್ಲಿ ಮಾತ್ರ ಹಳ್ಳಗಳ ನೀರು ವ್ಯರ್ಥವಾಗಿ ಹರಿದುಹೋಗುತ್ತದೆ. ಚೆವಾಂಗ್ ನೋರ್ಫೆಲ್ ಎಂಬ ನಿವೃತ್ತ ಎಂಜಿನಿಯರ್ ಹಿಂದೆಯೇ ಕೃತಕ ಹಿಮನದಿಗಳನ್ನು ರೂಪಿಸಿದ್ದರು. ಆ ಜಾಡಿನಲ್ಲಿ ಸೋನಂ ವಾಂಗ್‌ಚುಕ್ ಮತ್ತು ಅವರ ವಿದ್ಯಾರ್ಥಿಗಳು ಚಳಿಗಾಲದ ನೀರನ್ನು ಎತ್ತರದ ಜಾಗದಿಂದ ಕೊಳವೆಯಲ್ಲಿ ತಂದು, ಪಂಪಿನ ನೆರವಿಲ್ಲದೆ ತನ್ನ ಒತ್ತಡದಿಂದಲೇ ಚಿಮ್ಮುವಂತೆ ಮಾಡಿದರು. ಕೊರೆಯುವ ಗಾಳಿಯಲ್ಲಿ ಅದು ಹೆಪ್ಪುಗಟ್ಟಿ ಶಂಕುವಿನಾಕಾರದ ಗೋಪುರವಾಯಿತು. ಶಂಕುವೇ ಏಕೆಂದರೆ, ಅದೇ ಗಾತ್ರದ ನೀರನ್ನು ನೆಲದ ಮೇಲೆ ಹರಡಿ ಹೆಪ್ಪುಗಟ್ಟಿಸಿದರೆ ಬಿಸಿಲು ಬೇಗ ತಿನ್ನುತ್ತದೆ. ಶಂಕುವಾದರೆ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಆದ್ದರಿಂದ ಬೇಸಿಗೆಯವರೆಗೂ ಉಳಿದು ನಿಧಾನವಾಗಿ ಕರಗುತ್ತದೆ. ಬೌದ್ಧರ ನಾಡಿನಲ್ಲಿ ಆ ಆಕಾರ ಸಹಜವಾಗಿಯೇ ಸ್ತೂಪವಾಗಿ ಕಂಡಿತು. ‘ಐಸ್ ಸ್ತೂಪ’ ಎಂಬ ಹೆಸರು ನಿಂತಿತು.

ಇದು ಎಂಜಿನಿಯರಿಂಗೋ, ಕಲೆಯೋ? ಕಲಾ ವಿಮರ್ಶಕರು ಇದನ್ನು ತಮ್ಮ ವ್ಯಾಪ್ತಿಗೆ ಸೇರಿಸಿಕೊಳ್ಳಲು ಹಿಂಜರಿದಾರು. ಆದರೆ ಆಕಾರ, ಅರ್ಥ ಮತ್ತು ಸಮುದಾಯದ ಭಾವನೆ ಮೂರೂ ಕೂಡಿದ ಕಡೆ ಕಲೆ ಇಲ್ಲವೆನ್ನಲು ನನಗೆ ಧೈರ್ಯ ಸಾಲದು. ಪ್ಯಾರಿಸ್ಸಿನ ಮಂಜು ಕರಗಿದ್ದು ನೋಡುವವರಿಗಾಗಿ, ಲಡಾಖಿನ ಮಂಜು ಕರಗಿದ್ದು ಪಾಪ್ಲರ್ ಸಸಿಗಳಿಗಾಗಿ. ಅದನ್ನು ನೋಡಿದವರಿಗೆ ಮುಂದಿನ ಚಳಿಗಾಲದಲ್ಲಿ ಮಾಡಬೇಕಾದ ಕೆಲಸವೊಂದಿರುತ್ತದೆ. ಕೊಳವೆ ಹೆಪ್ಪುಗಟ್ಟದಂತೆ ರಾತ್ರಿಯೆಲ್ಲ ಯಾರಾದರೂ ಕಾಯಬೇಕು.

ನಮ್ಮಲ್ಲಿ ಹವಾಮಾನ ಕುರಿತ ಕಲೆಯೆಂದರೆ ಬಹುಪಾಲು ಜೂನ್ 5ರ ಕಲೆ. ವಿಶ್ವ ಪರಿಸರ ದಿನದ ಶಾಲಾ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಚಿತ್ರಗಳು ಬದಲಾಗುವುದಿಲ್ಲ: ಅರ್ಧ ಹಸಿರು, ಅರ್ಧ ಬಿರುಕುಬಿಟ್ಟ ಭೂಗೋಳ, ಅಂಗೈಯೊಳಗೊಂದು ಸಸಿ, ಕಣ್ಣೀರಿಡುವ ಭೂತಾಯಿ, ತುಂಡಾದ ಮಂಜಿನ ಮೇಲೆ ಹಿಮಕರಡಿ. ಹಿಮಕರಡಿಯನ್ನು ಬರೆದ ಹುಡುಗಿಯೊಬ್ಬಳನ್ನು ‘ನಿಮ್ಮ ಬಡಾವಣೆಯಲ್ಲಿ ಬಿಸಿಲು ಹೆಚ್ಚಾಗಿದೆಯೇನಮ್ಮಾ?’ ಎಂದು ಕೇಳಿದೆ. ‘ಹೌದು ಸರ್, ರಸ್ತೆ ಅಗಲ ಮಾಡಿ ಮರ ಕಡಿದರಲ್ಲ’ ಎಂದಳು. ಅದನ್ನೇಕೆ ಬರೆಯಲಿಲ್ಲವೆಂದರೆ, ‘ಅದು ಪರಿಸರದ ಚಿತ್ರ ಆಗುತ್ತಾ ಸರ್?’ ಎಂದಳು. ಆ ಸಭಾಂಗಣದ ಹೊರಗೆ ಪರಿಸರ ಉಳಿಸಿರೆಂದು ಸಾರುವ ಫ್ಲೆಕ್ಸ್ ತೂಗಾಡುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಹುಡುಗಿಯ ಸಂಶಯಕ್ಕೆ ಉತ್ತರ ಬೆಂಗಳೂರಿನ ಬೀದಿಗಳಲ್ಲೇ ಸಿಗುತ್ತದೆ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಫೈಬರ್ ಮೊಸಳೆಯನ್ನು ಇಳಿಬಿಟ್ಟರು. 2019ರಲ್ಲಿ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವನೊಬ್ಬನನ್ನು ನಡೆಸಿ, ಚಂದ್ರನ ಮೇಲ್ಮೈಯೇ ಎಂಬ ಭ್ರಮೆ ಹುಟ್ಟಿಸಿದರು. ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದ ದಿನಗಳವು. ಎರಡೂ ಸಂದರ್ಭಗಳಲ್ಲಿ ಪಾಲಿಕೆ ಓಡೋಡಿ ಬಂದು ರಸ್ತೆ ದುರಸ್ತಿ ಮಾಡಿತು. ಜಗತ್ತಿನ ಯಾವ ಹೆಸರಾಂತ ಹವಾಮಾನ ಕಲಾಕೃತಿಗೂ ಇಷ್ಟು ತ್ವರಿತ ಫಲ ಸಿಕ್ಕಿರಲಾರದು.

ಮೊಸಳೆ ಗೆದ್ದಿದ್ದೇಕೆ, ಮಂಜುಗಡ್ಡೆ ಸೋತಿದ್ದೇಕೆ? ರಸ್ತೆಗುಂಡಿಗೆ ಒಂದು ವಿಳಾಸವಿದೆ. ಅದಕ್ಕೊಬ್ಬ ಎಂಜಿನಿಯರ್ ಇದ್ದಾನೆ, ಒಬ್ಬ ಗುತ್ತಿಗೆದಾರನಿದ್ದಾನೆ, ಒಂದು ವಾರ್ಡ್ ಕಚೇರಿ ಇದೆ. ನಗೆಪಾಟಲಿಗೆ ಈಡಾಗಲು ನಿರ್ದಿಷ್ಟ ಮುಖವೊಂದು ಅಲ್ಲಿದೆ. ಭೂಮಿಯ ಬಿಸಿಗೆ ಅಂಥ ವಾರ್ಡ್ ಕಚೇರಿಯಿಲ್ಲ. ‘ಮನುಕುಲ’ವನ್ನು ಉದ್ದೇಶಿಸಿದ ಕಲೆ ಯಾರನ್ನೂ ಉದ್ದೇಶಿಸಿರುವುದಿಲ್ಲ, ಏಕೆಂದರೆ ಮನುಕುಲಕ್ಕೆ ನೋಟಿಸು ಜಾರಿ ಮಾಡಲಾಗದು. ಹಾಗೆಂದು ಹವಾಮಾನ ಪೂರ್ತಿ ಅನಾಮಧೇಯವೂ ಅಲ್ಲ. ಬಿಸಿಯ ಒಂದಂಶ ನಮ್ಮ ಬೀದಿಯ ಮರ ಕಡಿದ ಆದೇಶದಲ್ಲಿದೆ, ಪ್ರವಾಹದ ಒಂದಂಶ ರಾಜಕಾಲುವೆಯನ್ನು ಕಿರಿದುಗೊಳಿಸಿದ ನಕ್ಷೆಯಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗದ ತಂತ್ರಜ್ಞರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ಜಗತ್ತು ನೋಡಿತು. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. 2023ರ ನವೆಂಬರ್‌ನಲ್ಲಿ ಆಗಿನ ಬಿಬಿಎಂಪಿ ಬೆಂಗಳೂರಿಗೊಂದು ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, 2050ರ ವೇಳೆಗೆ ನಗರವನ್ನು ಇಂಗಾಲ ತಟಸ್ಥವಾಗಿಸುವ ಗುರಿ ಘೋಷಿಸಿತು. ಆ ಬಿಬಿಎಂಪಿಯೇ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಯೋಜನೆಯ ಯಾವ ಪುಟ ಯಾವ ಪಾಲಿಕೆಯ ಪಾಲಿಗೆ ಬಂತು? ಒಬ್ಬ ಒಳ್ಳೆಯ ಬೀದಿ ಕಲಾವಿದನಿಗೆ ಇದಕ್ಕಿಂತ ಉತ್ತಮ ವಸ್ತು ಬೇರೆ ಬೇಕೆ?

ರೂಪಕಗಳ ಬಗ್ಗೆ ಒಂದು ಮಾತು. ದೆಹಲಿಯಲ್ಲಿ 2008ರ ಡಿಸೆಂಬರ್‌ನಲ್ಲಿ ಪೂಜಾ ಸೂದ್ ಅವರ ನಿರ್ದೇಶನದಲ್ಲಿ ‘48 ಡಿಗ್ರಿ ಸೆಲ್ಸಿಯಸ್’ ಎಂಬ ಸಾರ್ವಜನಿಕ ಕಲಾ ಉತ್ಸವ ನಡೆಯಿತು. ನಗರದ ಪರಿಸರವನ್ನೇ ವಸ್ತುವಾಗಿಸಿಕೊಂಡ ಅದು ಈ ದೇಶದಲ್ಲಿ ಆ ಪ್ರಮಾಣದ ಮೊದಲ ಪ್ರಯತ್ನಗಳಲ್ಲೊಂದು. ಆ ಶೀರ್ಷಿಕೆ ಅಂದು ಎಚ್ಚರಿಕೆಯ ಗಂಟೆಯಂತಿತ್ತು. 2024ರ ಮೇ 28ರಂದು ದೆಹಲಿಯ ಮುಂಗೇಶ್‌ಪುರದ ಹವಾಮಾನ ಕೇಂದ್ರ 49.9 ಡಿಗ್ರಿಯನ್ನು ದಾಖಲಿಸಿತು. ಮರುದಿನ ಅದೇ ಕೇಂದ್ರ ತೋರಿದ 52.9 ಡಿಗ್ರಿ ಸಂವೇದಕದ ದೋಷವೆಂದು ಇಲಾಖೆ ತಿಳಿಸಿದಾಗ ನಾವು ನಿಟ್ಟುಸಿರುಬಿಟ್ಟೆವು. ಐವತ್ತರ ಆಸುಪಾಸು ನಮಗೆ ಸಮಾಧಾನದ ಅಂಕಿಯಾಗಿತ್ತು! ಉತ್ಪ್ರೇಕ್ಷೆಯೆಂದು ಬಗೆದದ್ದು ವರದಿಯಾಗಿಬಿಟ್ಟರೆ ಕಲಾವಿದ ಇನ್ನು ಯಾವುದನ್ನು ಉತ್ಪ್ರೇಕ್ಷಿಸಬೇಕು?

ಸಾಹಿತ್ಯದ ಸಂಗತಿ ಇದಕ್ಕಿಂತ ಸೂಕ್ಷ್ಮ. ಅಮಿತಾವ್ ಘೋಷ್ 2016ರಲ್ಲಿ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಎಂಬ ಕೃತಿಯಲ್ಲಿ, ಆಧುನಿಕ ಕಾದಂಬರಿ ಪ್ರಕೃತಿಯನ್ನು ಮನುಷ್ಯ ವ್ಯವಹಾರದ ಹಿನ್ನೆಲೆಯ ಪರದೆಯನ್ನಾಗಿಸಿತು, ಹಾಗಾಗಿ ಹವಾಮಾನ ದುರಂತವನ್ನು ಗ್ರಹಿಸುವ ಶಕ್ತಿ ಅದಕ್ಕಿಲ್ಲವಾಯಿತು ಎಂದು ವಾದಿಸಿದರು. ಇಂಗ್ಲಿಷ್ ಕಾದಂಬರಿಯ ಮಟ್ಟಿಗೆ ಇದು ಬಹುಪಾಲು ನಿಜವಿದ್ದೀತು. ಕನ್ನಡದ ಓದುಗನಿಗೆ ಮಾತ್ರ ತುಸು ನಗು ಬರುತ್ತದೆ. ಕಾರಂತರ ‘ಬೆಟ್ಟದ ಜೀವ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ತೇಜಸ್ವಿಯವರ ‘ಕರ್ವಾಲೊ’ ಇವುಗಳಲ್ಲಿ ಕಾಡು, ಮಳೆ, ಇಂಬಳ, ಓತಿಕ್ಯಾತ ಯಾವುದೂ ಪರದೆಯಲ್ಲ, ಪಾತ್ರಗಳೇ. ಆದರೆ ಇದರಿಂದ ಬೆನ್ನು ತಟ್ಟಿಕೊಳ್ಳುವ ಮುನ್ನ ಇನ್ನೊಂದನ್ನು ಯೋಚಿಸಬೇಕು. ಆ ಕೃತಿಗಳ ಮಳೆ ಎಷ್ಟೇ ಘೋರವಾಗಿರಲಿ, ಪಂಚಾಂಗ ಬಲ್ಲ ಮಳೆ. ಅದು ಬರುವ ಕಾಲಕ್ಕೆ ಬರುತ್ತದೆ.

ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ: ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ, ಒಂದೊಂದಕ್ಕೂ ಒಂದು ಸ್ವಭಾವ, ಒಂದು ಬೆಳೆ, ಒಂದು ಹಿಡಿ ಗಾದೆ. ನನ್ನ ದೃಷ್ಟಿಯಲ್ಲಿ ಕನ್ನಡದ ಅತ್ಯಂತ ದೊಡ್ಡ ಹವಾಮಾನ ಕಲಾಕೃತಿ ಇದೇ. ಕರ್ತೃವಿಲ್ಲದ್ದು, ಶತಮಾನಗಳ ಕಾಲ ಉಪಯೋಗದಲ್ಲಿದ್ದದ್ದು. 2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಮುಗಿದು ಮಘೆ ಹುಟ್ಟುವ ಸಂಧಿಯಲ್ಲಿ, ಕೊಡಗಿನ ಬೆಟ್ಟಗಳು ಕುಸಿದವು. ಮರುವರ್ಷದ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ಊರುಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಕ್ಷತ್ರಗಳು ತಮ್ಮ ಪಾಡಿಗೆ ಬರುತ್ತಿವೆ, ಮಳೆ ಅವುಗಳ ಜೊತೆ ಬರುತ್ತಿಲ್ಲ. ಹಾಗಾದಾಗ ಒಂದು ಭಾಷೆಯ ಶಬ್ದಗಳೇ ಸುಳ್ಳಾಗುತ್ತವೆ. ಗಾದೆ ಹೇಳಿದ ಅಜ್ಜನನ್ನು ಮೊಮ್ಮಗ ಅಪನಂಬಿಕೆಯಿಂದ ನೋಡುತ್ತಾನೆ. ಈ ನಷ್ಟವನ್ನು ಯಾವ ಪರಿಹಾರ ನಿಧಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಬರೆಯಬೇಕಾದವರು ಲೇಖಕರೇ.

ಕಲೆ ಈ ಬಿಕ್ಕಟ್ಟಿನ ಸಾಕ್ಷಿ ಮಾತ್ರವಲ್ಲ, ಸಂತ್ರಸ್ತನೂ ಹೌದು. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ಅಂತ್ಯದ ಪತ್ತನಾಜೆಗೆ ಮುಗಿಯುತ್ತದೆ. ಅಂದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ, ಮುಂದೆ ಮಳೆಗಾಲ. ಬಯಲಾಟವೆಂದ ಮೇಲೆ ಬಯಲು ಒಣಗಿರಬೇಕಲ್ಲ? ಒಂದು ರಂಗಪ್ರಕಾರದ ಇಡೀ ಆರ್ಥಿಕತೆ, ಕಲಾವಿದನ ವರ್ಷದ ಸಂಬಳ, ಹರಕೆಯಾಟಗಳ ಸರದಿ ಎಲ್ಲವೂ ಮುಂಗಾರಿನ ಶಿಸ್ತನ್ನು ನಂಬಿ ಕಟ್ಟಿದ್ದು. ಏಪ್ರಿಲ್-ಮೇ ತಿಂಗಳ ಅಕಾಲಿಕ ಮಳೆಗೆ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತವನು ಏನೆಂದುಕೊಳ್ಳುತ್ತಾನೋ, ಅದನ್ನು ಕೇಳಲು ಯಾವ ಅಂತರರಾಷ್ಟ್ರೀಯ ಕಲಾ ಮೇಳವೂ ಅವನನ್ನು ಕರೆದಂತಿಲ್ಲ.

ಕಲಾವಿದರು ನೇರವಾಗಿ ಕಣಕ್ಕಿಳಿದ ಉದಾಹರಣೆಗಳೂ ನಮ್ಮಲ್ಲಿವೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದಲ್ಲಿ ಹುಟ್ಟಿದ ಅಪ್ಪಿಕೊ ಚಳವಳಿ ಜನಪದ ಕುಣಿತ, ಬೀದಿನಾಟಕಗಳ ಮೂಲಕವೇ ಊರಿಂದ ಊರಿಗೆ ಹಬ್ಬಿತು. ಅಲ್ಲಿ ನಾಟಕ ನೋಡಿದವನಿಗೆ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಿ ಯಾವ ಮರವನ್ನು ತಬ್ಬಬೇಕೆಂಬುದು ಗೊತ್ತಿತ್ತು. ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರ ಆತಂಕ ಕಾಡಿನದು, ವಿಕಿರಣದ್ದು. ಇಂದು ಅದೇ ಕೈಗಾದ ವಿದ್ಯುತ್ತನ್ನು ಇಂಗಾಲರಹಿತವೆಂದು ಹೊಗಳುವವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಯಾವ ಬಗೆಯ ವಿದ್ಯುತ್ ಬೇಕು ಎಂಬ ಪ್ರಶ್ನೆಗೆ ಕಲಾವಿದನ ಅಂತಃಸಾಕ್ಷಿಯೊಂದೇ ಉತ್ತರವಾಗದು. ಆದರೆ ಪ್ರಶ್ನೆಯನ್ನು ಮತಪೆಟ್ಟಿಗೆಯವರೆಗೆ ಒಯ್ಯಲು ಎಂಬತ್ತೇಳರ ಹರೆಯದಲ್ಲಿ ಹೊರಟ ಆ ಹಟ ಅಪರೂಪದ್ದು.

ಇಷ್ಟಕ್ಕೂ ಕಲೆಗೆ ಹಣ ಎಲ್ಲಿಂದ ಬರುತ್ತದೆ? ಎಲಿಯಾಸನ್ ಮಂಜುಗಡ್ಡೆ ಇಟ್ಟ ಟೇಟ್ ಸಂಸ್ಥೆ ಕಾಲು ಶತಮಾನದಷ್ಟು ಕಾಲ ಬಿಪಿ ಎಂಬ ತೈಲ ಕಂಪನಿಯ ಪ್ರಾಯೋಜಕತ್ವ ಪಡೆದಿತ್ತು. ‘ಲಿಬರೇಟ್ ಟೇಟ್’ ಎಂಬ ಕಲಾವಿದರ ಗುಂಪು 2010ರಿಂದ ಅದರ ಪಡಸಾಲೆಗಳಲ್ಲೇ ತೈಲದಂಥ ಕಪ್ಪು ದ್ರವ ಚೆಲ್ಲಿ, ಮೌನವಾಗಿ ಮಲಗಿ, ಬಗೆಬಗೆಯ ಪ್ರದರ್ಶನಗಳನ್ನು ನಡೆಸಿತು. ಸಂಬಂಧ 2017ರಲ್ಲಿ ಕೊನೆಗೊಂಡಿತು. ಆದರೆ ಬ್ರಿಟಿಷ್ ಮ್ಯೂಸಿಯಂ 2023ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯೊಡನೆ ಐದು ಕೋಟಿ ಪೌಂಡುಗಳ ಹತ್ತು ವರ್ಷದ ಒಪ್ಪಂದ ಪ್ರಕಟಿಸಿತು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ 2024ರ ಮಾರ್ಚ್‌ನಲ್ಲಿ ತೆರೆದ ಶಕ್ತಿಮೂಲಗಳ ಕುರಿತ ಗ್ಯಾಲರಿಗೆ ನಮ್ಮ ದೇಶದ ಅದಾನಿ ಗ್ರೀನ್ ಎನರ್ಜಿಯ ಹೆಸರಿದೆ. ಸೌರವಿದ್ಯುತ್ ಕಂಪನಿಗೇಕೆ ಆಕ್ಷೇಪಣೆ ಎಂದು ಕೆಲವರು ಕೇಳಿದರೆ, ಅದೇ ಸಮೂಹ ಕಲ್ಲಿದ್ದಲಿನಲ್ಲೂ ಇದೆಯಲ್ಲ ಎಂದು ಇನ್ನು ಕೆಲವರು. 2021ರಲ್ಲಿ ಒಪ್ಪಂದ ಪ್ರಕಟವಾದಾಗಲೇ ಇಬ್ಬರು ಟ್ರಸ್ಟಿಗಳು ರಾಜೀನಾಮೆ ಕೊಟ್ಟರು. ಸೂಪು ಎರಚುವುದಕ್ಕಿಂತ ಕಡಿಮೆ ಸದ್ದು, ಹೆಚ್ಚು ತೂಕ. ನಮ್ಮ ರಾಜ್ಯದಲ್ಲಿ ಸರ್ಕಾರದ ಅನುದಾನ ತಡವಾಗಿ, ಅರೆಬರೆಯಾಗಿ ಬರುವಾಗ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಬೇಡವೆನ್ನುವ ಸ್ಥಿತಿ ಎಷ್ಟು ಕಲಾಸಂಸ್ಥೆಗಳಿಗಿದೆ? ಪರಿಶುದ್ಧ ಹಣಕ್ಕಾಗಿ ಕಾಯುತ್ತಾ ಕೂತರೆ ಕೆಲಸವೇ ಆಗದೆಂಬುದು ನನಗೂ ತಿಳಿದಿದೆ. ಆದರೆ ಹಣ ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಹಾಕುವಾಗ, ಅವರು ಯಾವ ಕೆರೆಯ ಪಕ್ಕದಲ್ಲಿ ಏನು ಕಟ್ಟುತ್ತಿದ್ದಾರೆಂದು ಕೇಳುವ ಸ್ವಾತಂತ್ರ್ಯವನ್ನಾದರೂ ಉಳಿಸಿಕೊಳ್ಳಬೇಕು.

ಈ ಹಣದ ಮಾತು ಬಂದಾಗಲೆಲ್ಲ ನನಗೆ ಜರ್ಮನಿಯ ಜೋಸೆಫ್ ಬಾಯ್ಸ್ ನೆನಪಾಗುತ್ತಾನೆ. ತನ್ನ ಯೋಜನೆಗೆ ಹಣ ಹೊಂದಿಸಲು ಆತ ಜಪಾನಿನ ವಿಸ್ಕಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ. 1982ರಲ್ಲಿ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಕಲಾ ಪ್ರದರ್ಶನಕ್ಕೆ ಆತ ಕೊಟ್ಟ ಕೃತಿಯೆಂದರೆ ಏಳು ಸಾವಿರ ಮರಗಳು. ಮುಖ್ಯ ವಸ್ತುಸಂಗ್ರಹಾಲಯದ ಮುಂದಿನ ಮೈದಾನದಲ್ಲಿ ಏಳು ಸಾವಿರ ಬಸಾಲ್ಟ್ ಕಲ್ಲುಕಂಬಗಳ ರಾಶಿ ಸುರಿಸಿದ. ಷರತ್ತು ಸರಳ: ನಗರದಲ್ಲಿ ಒಂದು ಮರ ನೆಟ್ಟರೆ ಒಂದು ಕಲ್ಲನ್ನು ಅಲ್ಲಿಂದ ತೆಗೆದು ಆ ಮರದ ಪಕ್ಕದಲ್ಲಿ ನೆಡುವುದು. ಮೈದಾನದಲ್ಲಿ ಉಳಿದ ರಾಶಿಯೇ ಬಾಕಿಯ ಲೆಕ್ಕ. ಜನ ರೇಗಿದರು, ಕೊಳಕೆಂದು ಬೈದರು. ರಾಶಿಯನ್ನು ಕಣ್ಣೆದುರಿನಿಂದ ತೊಲಗಿಸಲು ಇದ್ದ ಒಂದೇ ದಾರಿಯೆಂದರೆ ಮರ ನೆಡುವುದು. ಬಾಯ್ಸ್ 1986ರಲ್ಲಿ ತೀರಿಕೊಂಡ. ಕೊನೆಯ ಮರವನ್ನು 1987ರಲ್ಲಿ ಅವನ ಮಗ ನೆಟ್ಟ. ಇಂದಿಗೂ ಆ ನಗರದ ಬೀದಿಗಳಲ್ಲಿ ಮರ ಮತ್ತು ಕಲ್ಲು ಜೋಡಿಯಾಗಿ ನಿಂತಿವೆ. ಆರಂಭದಲ್ಲಿ ಕಲ್ಲು ದೊಡ್ಡದು, ಸಸಿ ಚಿಕ್ಕದು. ಈಗ ಅದು ತಿರುಗುಮುರುಗಾಗಿದೆ.

ನಮ್ಮ ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385. ಕೂಲಿ ಮಾಡಿ ಬಂದು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದ ಮರಗಳು. 2025ರ ನವೆಂಬರ್‌ನಲ್ಲಿ ನಿಧನರಾದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ವಿಸ್ತರಣೆಗೆ ಆ ಮರಗಳೇ ಬಲಿಯಾಗುವ ಭೀತಿ ಎದುರಾಗಿ, ಅವರು ಮುಖ್ಯಮಂತ್ರಿಯನ್ನು ಕಂಡು ಬೇಡಿಕೊಳ್ಳಬೇಕಾಯಿತು. ಮರಗಳನ್ನು ಉಳಿಸುವ ಭರವಸೆ ಸಿಕ್ಕಿತು. ಬಾಯ್ಸ್ ಮಾಡಿದ್ದು ಕಲೆ, ತಿಮ್ಮಕ್ಕ ಮಾಡಿದ್ದು ‘ಸಮಾಜಸೇವೆ’ ಎಂಬ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಆದರೆ ಬಾಯ್ಸ್‌ನ ಕಲ್ಲಿಗೆ ಒಂದು ಹೆಚ್ಚಿನ ಗುಣವಿದೆಯೆಂದು ಒಪ್ಪುತ್ತೇನೆ. ಅದು ವ್ಯಕ್ತಿಯ ಪುಣ್ಯವನ್ನು ನಗರದ ಸಾಲವನ್ನಾಗಿ ಮಾಡಿತು. ತಿಮ್ಮಕ್ಕನ ಮರಗಳಿಗೆ ತಿಮ್ಮಕ್ಕನೇ ಜಾಮೀನಾಗಬೇಕಾಯಿತು. ಇನ್ನು ಮುಂದೆ ಯಾರು?

ಬೆಂಗಳೂರಿನಲ್ಲಿ ಕಾಮಗಾರಿಗಾಗಿ ಮರ ಕಡಿಯಲು ಅನುಮತಿ ಕೊಡುವಾಗ, ಒಂದಕ್ಕೆ ಹತ್ತು ಸಸಿ ನೆಡಬೇಕೆಂಬ ಷರತ್ತು ಸಾಮಾನ್ಯ. ಆ ಹತ್ತು ಎಲ್ಲಿ, ಎಷ್ಟು ಬದುಕಿವೆ ಎಂಬುದನ್ನು ಹುಡುಕಹೊರಟವರು ಕಡತದಿಂದ ಕಡತಕ್ಕೆ ಅಲೆಯಬೇಕು. ನಗರದ ಪಾದಚಾರಿ ಮಾರ್ಗಗಳಿಂದ ಕಿತ್ತು ಹಾಕಿದ ಹಳೆಯ ಕಲ್ಲುಚಪ್ಪಡಿಗಳು ಮಾತ್ರ ಮೂಲೆಮೂಲೆಯಲ್ಲಿ ಬೇಕಾದಷ್ಟಿವೆ. ಹೊಸದಾಗಿ ಯಾವ ಬೆಟ್ಟವನ್ನೂ ಒಡೆಯಬೇಕಾಗಿಲ್ಲ. ವಾಗ್ದಾನ ಮಾಡಿದ ಪ್ರತಿ ಸಸಿಗೊಂದರಂತೆ ಅವನ್ನು ತಂದು ಐದೂ ಪಾಲಿಕೆಗಳ ಕಚೇರಿಗಳ ಮುಂದೆ ರಾಶಿ ಹಾಕಲು ನಮ್ಮ ಕಲಾಶಾಲೆಗಳ ವಿದ್ಯಾರ್ಥಿಗಳು ಮುಂದಾಗಬಾರದೇಕೆ? ಸಸಿ ನೆಟ್ಟ ದಿನವೇ ಕಲ್ಲು ತೆಗೆಯುವಂತಿಲ್ಲ. ಅದು ಮೂರು ಬೇಸಿಗೆ ದಾಟಿ ಬದುಕಿದ್ದರೆ ಮಾತ್ರ ಒಂದು ಕಲ್ಲು ಅಲ್ಲಿಂದೆದ್ದು ಮರದ ಬುಡಕ್ಕೆ ಹೋಗಬೇಕು. ಅಧಿಕಾರಿಗಳ ವಾಹನ ನಿಲ್ಲಿಸಲು ಜಾಗ ಸಾಲದಾದೀತು, ಆಗಲಿ. ಲೆಕ್ಕ ಇಡಲು ಹತ್ತಿರದ ಶಾಲೆಯ ಮಕ್ಕಳು ಸಾಕು. ಬರುವ ಜೂನ್ 5ರಂದು ಭಿತ್ತಿಚಿತ್ರ ಸ್ಪರ್ಧೆಯ ಬದಲು ಅವರಿಗೆ ಈ ಕೆಲಸವನ್ನೇ ಕೊಡಬಹುದು.